ಹೆತ್ತ ಮನೆಯೇ ಅಪಾಯವಾದಾಗ: ಮಗುವನ್ನು ಕಾನೂನಿನ ಪ್ರಕಾರ ಹೊರಗೆ ತರುವ ದಾರಿ

ನಮ್ಮ ದೇಶದಲ್ಲಿ ಮಕ್ಕಳು ಹೆತ್ತವರಿಗೆ ಡಿವೋರ್ಸ್ ಕೊಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮನೆಯಲ್ಲಿ ಏಟು ತಿಂದು ಮೊಬೈಲಿನಲ್ಲಿ ದಾರಿ ಹುಡುಕುವ ಮಕ್ಕಳಿಗೆ ಸಿಗುವುದು ಹೆಚ್ಚಾಗಿ ಅಮೆರಿಕದ ಕಥೆಗಳು. ಅಲ್ಲಿನ ಹಲವು ರಾಜ್ಯಗಳಲ್ಲಿ 16 ವರ್ಷದವರು ಕೋರ್ಟಿಗೆ ಹೋಗಿ, ಇನ್ನು ಮೇಲೆ ನನ್ನ ಜವಾಬ್ದಾರಿ ನನ್ನದೇ ಎಂದು ಆದೇಶ ಪಡೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ 14ಕ್ಕೇ ಕೇಳಬಹುದು. 1992ರಲ್ಲಿ ಫ್ಲಾರಿಡಾದ 12 ವರ್ಷದ ಹುಡುಗನೊಬ್ಬ ಹೆತ್ತ ತಾಯಿಯಿಂದ ಬಿಡುಗಡೆ ಕೇಳಿ ಕೇಸು ಗೆದ್ದ. ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ಮರುವರ್ಷ ಮೇಲಿನ ಕೋರ್ಟು ಹೇಳಿದ್ದು ಮಾತ್ರ ಅಷ್ಟು ಸುದ್ದಿಯಾಗಲಿಲ್ಲ: ಮಗು ತಾನೊಬ್ಬನೇ ನಿಂತು ಇಂಥ ಕೇಸು ಹಾಕಲು ಬರುವುದಿಲ್ಲ. ಅವನ ಜೊತೆ ದೊಡ್ಡವರೂ ಅರ್ಜಿ ಹಾಕಿದ್ದರಿಂದ ತಾಯಿಯ ಹಕ್ಕು ಕಡಿದ ತೀರ್ಪು ಉಳಿಯಿತು.

ಅಷ್ಟು ಹೆಸರಾದ ಕೇಸಿಗೂ ಜೊತೆಗೆ ನಿಲ್ಲುವ ದೊಡ್ಡವರು ಬೇಕಾದರು. ಈ ಬರಹ ಹೆಚ್ಚಾಗಿ ಅಂಥ ದೊಡ್ಡವರಿಗೆ. ಅಜ್ಜಿ, ಸೋದರಮಾವ, ಚಿಕ್ಕಮ್ಮ, ಮೇಷ್ಟ್ರು, ಪಕ್ಕದ ಮನೆಯವರು, ಯಾರಾದರೂ ಆಗಬಹುದು. ಕೊನೆಯ ಭಾಗ ಮಾತ್ರ ಮಕ್ಕಳಿಗೇ.

ನಾನು ವಕೀಲನಲ್ಲ. ಹೈಸ್ಕೂಲ್ ಮೇಷ್ಟ್ರಾಗಿದ್ದವನು. ಇಂಥ ಕೆಲವು ಮಕ್ಕಳ ಜೊತೆ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಿದ್ದೇನೆ. ಅಲ್ಲಿ ಕಲಿತ ದೊಡ್ಡ ವಿಷಯ ಒಂದೇ. ನಮ್ಮಲ್ಲಿ ಬಿಡುಗಡೆ ಒಂದೇ ಕಾಗದದಲ್ಲಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಮಗು ಇವತ್ತು ರಾತ್ರಿ ಎಲ್ಲಿ ಮಲಗಬೇಕು ಎನ್ನುವುದನ್ನು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ಮಗುವಿನ ಪರವಾಗಿ ಯಾರು ಸಹಿ ಹಾಕಬೇಕು ಎನ್ನುವುದು ಕೋರ್ಟಿನ ಕೆಲಸ. ಹೊಡೆದವರಿಗೆ ಶಿಕ್ಷೆ ಪೊಲೀಸರಿಂದ ಶುರುವಾಗುತ್ತದೆ. ಸಂಬಂಧವನ್ನೇ ಪೂರ್ತಿ ಕಡಿಯುವುದು ದತ್ತು ಮಾತ್ರ. ಜನ ಗಾಬರಿಯಲ್ಲಿ ನೇರ ವಕೀಲರ ಹತ್ತಿರ ಓಡಿ ಕೊನೆಯದ್ದನ್ನು ಕೇಳುತ್ತಾರೆ. ಅಷ್ಟರಲ್ಲಿ ಮಗು ಅದೇ ಮನೆಯಲ್ಲಿ ಇನ್ನೂ ಎರಡು ತಿಂಗಳು ಇರುತ್ತದೆ.

ಮೊದಲು: ಈ ಹೊತ್ತಿಗೆ ಅಪಾಯ ಇದೆಯಾ?

ಇದ್ದರೆ ಯೋಚನೆ ಬೇಡ. 1098 ಅಥವಾ 112ಕ್ಕೆ ಫೋನ್ ಮಾಡಿ. 1098 ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದು. 2023ರಿಂದ ಸರ್ಕಾರಗಳೇ ನಡೆಸುತ್ತಿವೆ, 112ರ ಜೊತೆ ಜೋಡಿಸಿದ್ದಾರೆ. ದಿನದ 24 ಗಂಟೆಯೂ ಇರುತ್ತದೆ. ಕಥೆಯೆಲ್ಲ ಹೇಳುವುದು ಬೇಕಿಲ್ಲ. ಮಗುವಿನ ವಯಸ್ಸು, ಈಗ ಎಲ್ಲಿದೆ, ಈಗ ಏನಾಗುತ್ತಿದೆ, ಮನೆಗೆ ಹೋಗುವ ಗುರುತು, ಇಷ್ಟು ಸಾಕು.

ಗಾಯ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. 'ಬಿದ್ದು ಏಟಾಯ್ತು' ಎಂದು ಹೇಳಬೇಡಿ. ಆ ಸುಳ್ಳನ್ನು ಡಾಕ್ಟರು ಚೀಟಿಯಲ್ಲಿ ಬರೆದುಬಿಟ್ಟರೆ ಮುಂದೆ ಅದನ್ನು ಅಳಿಸಲು ಆರು ತಿಂಗಳು ಬೇಕಾದೀತು. ಯಾರು, ಯಾವುದರಿಂದ ಹೊಡೆದರು ಎಂದು ಮಗು ಹೇಳಿದ ಹಾಗೇ ಬರೆಸಿ.

ಬಡತನವೋ, ನಿರ್ಲಕ್ಷ್ಯವೋ?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಹರಿದ ಯೂನಿಫಾರ್ಮು, ಎಣ್ಣೆ ಕಾಣದ ತಲೆ, ಸಂಜೆ ಕೆಲಸದಿಂದ ಅಮ್ಮ ಬರುವ ತನಕ ತಂಗಿಯನ್ನು ನೋಡಿಕೊಳ್ಳುವ ಹುಡುಗಿ, ಇವು ಬಡತನದ ಗುರುತು. ಇದಕ್ಕೆ ಮಗುವನ್ನು ತಾಯಿಯಿಂದ ಬಿಡಿಸುವುದು ಪರಿಹಾರ ಅಲ್ಲ. ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ಸಹಾಯ ಇದೆ. ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಿಸಿ.

ದುಡ್ಡಿದ್ದೂ ಊಟ ಹಾಕದಿರುವುದು, ಕೂಡಿಹಾಕುವುದು, ಬೆಲ್ಟಿನಲ್ಲಿ ಹೊಡೆಯುವುದು, ಕಾಯಿಸಿದ ಸೌಟಿನಿಂದ ಬರೆ ಹಾಕುವುದು, ಜ್ವರ ಬಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗದಿರುವುದು, ಸಾಲ ತೀರಿಸಲು ದುಡಿಮೆಗೆ ಕಳಿಸುವುದು, 15 ವರ್ಷಕ್ಕೆ ಮದುವೆ ನಿಶ್ಚಯ ಮಾಡುವುದು, ಇವು ಬೇರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಗು 'ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು'. ಈ ಮಾತನ್ನು ನೆನಪಿಡಿ. ಕಚೇರಿಗಳಲ್ಲಿ ಬಾಗಿಲು ತೆರೆಯುವುದು ಈ ಮಾತೇ. ಮಗು ತನ್ನ ಸುಪರ್ದಿಯಲ್ಲಿರುವಾಗ ಹೊಡೆದು, ಹಿಂಸಿಸಿ, ಬೇಕೆಂದೇ ಕಡೆಗಣಿಸಿದವರಿಗೆ ಅದೇ ಕಾಯ್ದೆಯ 75ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. 'ನನ್ನ ಮಗು, ನನ್ನಿಷ್ಟ' ಅನ್ನುವವರಿಗೂ ಅಷ್ಟೇ.

ಒಂದು ನೋಟ್‌ಬುಕ್ ಇಡಿ

ಎರಡು ರೂಪಾಯಿ ಪೆನ್ನು, ಒಂದು ಬರೆಯುವ ಪುಸ್ತಕ. ದಿನಾಂಕ, ನೀವು ಕಣ್ಣಾರೆ ಕಂಡದ್ದು, ಮಗು ಹೇಳಿದ ಮಾತು ಅದರದೇ ಶಬ್ದದಲ್ಲಿ. 'ಅಪ್ಪ ಗುಮ್ಮಿದ' ಅಂದರೆ 'ಗುಮ್ಮಿದ' ಅಂತಲೇ ಬರೆಯಿರಿ, 'ಹಲ್ಲೆ ನಡೆಸಿದರು' ಅಂತ ತಿದ್ದಬೇಡಿ. ಶಾಲೆಯ ಹಾಜರಿ, ಆಸ್ಪತ್ರೆ ಚೀಟಿ ಜೊತೆಗಿರಲಿ. ಮಗುವನ್ನು ಕೂರಿಸಿಕೊಂಡು ಪದೇ ಪದೇ ಕೇಳಬೇಡಿ. ಹತ್ತು ಜನರಿಗೆ ಹತ್ತು ಸಲ ಹೇಳಿದ ಮಗು ಹನ್ನೊಂದನೇ ಸಲ, ಅಂದರೆ ಹೇಳಲೇಬೇಕಾದ ಕಡೆ, ಬಾಯಿ ಮುಚ್ಚಿಕೊಳ್ಳುತ್ತದೆ.

ಗಾಯದ ಫೋಟೋ ತೆಗೆದಿದ್ದರೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಊರಿನ ಗುಂಪಿಗಂತೂ ಬೇಡವೇ ಬೇಡ. ಇಂಥ ಮಗುವಿನ ಹೆಸರು, ಫೋಟೋ, ಶಾಲೆಯ ಗುರುತು ಬಯಲು ಮಾಡುವುದೇ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಆಗಬಹುದು. ಒಳ್ಳೆ ಮನಸ್ಸಿನಿಂದ ಹಾಕಿದೆ ಅಂದರೆ ನಡೆಯುವುದಿಲ್ಲ.

ಮಕ್ಕಳ ಕಲ್ಯಾಣ ಸಮಿತಿ: ನಿಜವಾದ ಬಾಗಿಲು ಇದು

ಒಂದು ಸಲ ನಾನು ತಪ್ಪು ಬಾಗಿಲು ತಟ್ಟಿದ್ದೆ. ಹುಡುಗನೊಬ್ಬನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ. ಅಪ್ಪನನ್ನು ಕರೆಸಿ, ಬೈದು, ಬುದ್ಧಿ ಹೇಳಿ, ಒಂದು ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಮನೆಗೆ ಕಳಿಸಿದರು. ಮುಂದಿನ ಸೋಮವಾರ ಹುಡುಗ ಶಾಲೆಗೆ ಬರಲಿಲ್ಲ. ಬುಧವಾರ ಬಂದಾಗ ಎಡಗಣ್ಣು ಊದಿತ್ತು. ರಾಜಿ ಪಂಚಾಯ್ತಿ ಜಮೀನಿನ ಜಗಳಕ್ಕೆ ಸರಿ. ಏಟು ತಿನ್ನುವ ಮಗುವಿಗೆ ಅಲ್ಲ. ಠಾಣೆಗೆ ಹೋಗಲೇಬೇಕಾದರೆ ದೂರನ್ನು ಬರಹದಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಅವರನ್ನೇ ಕೇಳಿ. 'ಮಗುವನ್ನು ಸಮಿತಿ ಮುಂದೆ ಹಾಜರುಪಡಿಸಿ' ಎಂದು ಅರ್ಜಿಯಲ್ಲೇ ಬರೆಯಿರಿ.

ಈ ಸಮಿತಿ ಜಿಲ್ಲೆಗೊಂದಾದರೂ ಇರುತ್ತದೆ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಒಬ್ಬರಾದರೂ ಮಹಿಳೆ ಇರಲೇಬೇಕು. ನೋಡಲು ಸಾದಾ ಕಚೇರಿಯ ಹಾಗಿದ್ದರೂ ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಅವರಿಗಿದೆ. ಎಷ್ಟೋ ಕಡೆ ಬಾಲಮಂದಿರದ ಆವರಣದಲ್ಲೇ ಕೂರುತ್ತಾರೆ. ಸಿಗದಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ತಿಂಗಳಿಗೆ ಕನಿಷ್ಠ 20 ದಿನ ಸಭೆ ನಡೆಯಬೇಕು. ಸಭೆ ಇಲ್ಲದ ದಿನ ಒಬ್ಬ ಸದಸ್ಯರ ಮುಂದೆಯೂ ಮಗುವನ್ನು ಹಾಜರುಪಡಿಸಬಹುದು.

ಯಾರು ಕರೆದುಕೊಂಡು ಹೋಗಬಹುದು? ಪೊಲೀಸರು, ಸಹಾಯವಾಣಿಯವರು, ಸರ್ಕಾರಿ ನೌಕರರು, ಡಾಕ್ಟರು, ನರ್ಸು, ಸಮಾಜದ ಕಾಳಜಿ ಇರುವ ಯಾರೇ ಆಗಲಿ. ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ, ಅದು ಬಹಳ ಜನರಿಗೆ ಗೊತ್ತೇ ಇಲ್ಲ: ಮಗು ತಾನೇ ಹೋಗಬಹುದು. ಮಗು ನಿಮ್ಮ ಬಳಿಗೆ ಬಂದರೆ ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿ ಮುಂದೆ ಹಾಜರುಪಡಿಸಬೇಕು. ಇದು ನಿಮಗೂ ರಕ್ಷಣೆ. ಸುಮ್ನೆ ಮನೆಯಲ್ಲಿ ಇಟ್ಟುಕೊಂಡರೆ ಹೆತ್ತವರು ಅಪಹರಣದ ದೂರು ಕೊಡಬಹುದು. ಅತ್ತೆ, ಮಾವ ಎಂದು ಬಿಡುವುದಿಲ್ಲ.

ಅಲ್ಲಿ ಕಟಕಟೆ ಇಲ್ಲ, ಎತ್ತರದ ವೇದಿಕೆ ಇಲ್ಲ. ಮಗುವಿನ ಜೊತೆ ಬೇರೆಯಾಗಿ ಮಾತಾಡಿಸಿ ಎಂದು ನೀವು ಕೇಳಿ. ಅಪ್ಪ ಅಮ್ಮ ಎದುರಿಗೆ ಕೂತಿದ್ದರೆ ಮಗು 'ಏನಿಲ್ಲ, ಚೆನ್ನಾಗಿ ನೋಡ್ಕೋತಾರೆ' ಅಂದುಬಿಡುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಪುಟದ ಪತ್ರ ತೆಗೆದುಕೊಂಡು ಹೋಗಿ, ನೋಟ್‌ಬುಕ್ಕಿನ ನಕಲು ಅಂಟಿಸಿ. ಮಗುವಿನ ಮಾತು ಮೊದಲ ದಿನವೇ ದಾಖಲಾಗುವುದು ಮುಖ್ಯ. ಮುಂದಿನ ಎಲ್ಲ ಕಾಗದವೂ ಆ ಹಾಳೆಯ ಮೇಲೆ ನಿಲ್ಲುತ್ತದೆ.

ಆಮೇಲೆ ಅಧಿಕಾರಿಯೊಬ್ಬರು ಮನೆಗೆ, ಶಾಲೆಗೆ, ಅಕ್ಕಪಕ್ಕಕ್ಕೆ ಬಂದು ಸಾಮಾಜಿಕ ತನಿಖಾ ವರದಿ ಮಾಡುತ್ತಾರೆ. ಇದಕ್ಕೆ 15 ದಿನದ ಗಡುವು. ಕೊನೆಯ ಆದೇಶ ನಾಲ್ಕು ತಿಂಗಳೊಳಗೆ ಬರಬೇಕು. ವರದಿಯ ಸಮಯದಲ್ಲೇ ಊರು ಕೈಕೊಡುವುದು. ರಾತ್ರಿ ಗೋಡೆಯಾಚೆ ಕಿರುಚಾಟ ಕೇಳಿದವರೇ 'ಅಯ್ಯೋ, ಒಳ್ಳೆ ಮನುಷ್ಯ, ಸ್ವಲ್ಪ ಕುಡಿಯುತ್ತಾನೆ ಅಷ್ಟೇ' ಅನ್ನುತ್ತಾರೆ. ಕೇಳಿದ್ದನ್ನು ಹೇಳಲು ಒಪ್ಪುವ ಇಬ್ಬರನ್ನು ಮೊದಲೇ ಗುರುತು ಮಾಡಿಕೊಳ್ಳಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಇದಕ್ಕೆ ತಕ್ಕವರು. ಎಲ್ಲ ಮನೆಯ ಒಳಗೂ ಹೋಗಿರುತ್ತಾರೆ.

ಸಮಿತಿ ಏನು ಆದೇಶ ಮಾಡಬಹುದು? ನಿಗಾ ಇಟ್ಟು ಮನೆಗೇ ವಾಪಸ್ ಕಳಿಸಬಹುದು. ಬಾಲಮಂದಿರ ಅಥವಾ ಒಪ್ಪಿಗೆ ಪಡೆದ ಸಂಸ್ಥೆಗೆ ಕಳಿಸಬಹುದು. ಪೋಷಕ ಕುಟುಂಬಕ್ಕೆ, ಅಂದರೆ ಹೆತ್ತವರಲ್ಲದ, ಮಗುವನ್ನು ಸಾಕಲು ಒಪ್ಪಿದ ಬೇರೆ ಮನೆಗೆ ಕೊಡಬಹುದು. 'ಯೋಗ್ಯ ವ್ಯಕ್ತಿ' ಎಂದು ಗುರುತಿಸಿದವರ ಕೈಗೆ ಕೊಡಬಹುದು. ಅಜ್ಜಿ, ಚಿಕ್ಕಮ್ಮಂದಿರು ಹಿಡಿಯಬೇಕಾದ್ದು ಈ ಕೊನೆಯದ್ದನ್ನು. ಆಧಾರ್, ರೇಷನ್ ಕಾರ್ಡ್, ಮನೆಯ ವಿಳಾಸದ ಪುರಾವೆ, ಆದಾಯದ ಪತ್ರ, 'ಮಗುವನ್ನು ನಾವು ಸಾಕುತ್ತೇವೆ' ಎಂಬ ಸಹಿ ಮಾಡಿದ ಪತ್ರ, ಇಷ್ಟನ್ನು ಮೊದಲ ದಿನವೇ ಇಟ್ಟುಕೊಂಡು ಹೋಗಿ. ಸಂಸ್ಥೆಗೆ ಕಳಿಸುವುದು ಕೊನೆಯ ಉಪಾಯವಾಗಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ಎದುರಿಗೆ ಇನ್ಯಾರೂ ಇಲ್ಲದಿದ್ದರೆ ಸಮಿತಿಯವರಾದರೂ ಏನು ಮಾಡಿಯಾರು?

ಬಾಲಮಂದಿರದ ಬಗ್ಗೆ ನಮ್ಮಲ್ಲಿ ಹೆದರಿಕೆ ಜಾಸ್ತಿ. ಕೆಲವು ಚೆನ್ನಾಗಿವೆ, ಕೆಲವು ಇಲ್ಲ. ಹೊತ್ತಿಗೆ ಸರಿಯಾಗಿ ಊಟ, ಶಾಲೆ, ರಾತ್ರಿ ಹೊಡೆತ ಇಲ್ಲದ ನಿದ್ದೆ, ಇದು ಕೆಲವು ಮಕ್ಕಳಿಗೆ ಮೊದಲ ಸಲ ಸಿಗುವುದು ಅಲ್ಲೇ. ಭೇಟಿಗೆ ಅನುಮತಿ ಕೇಳಿ, ತಪ್ಪದೆ ಹೋಗಿ ನೋಡಿಕೊಂಡು ಬನ್ನಿ. ನೋಡಲು ಯಾರೋ ಬರುತ್ತಾರೆ ಎಂದು ಗೊತ್ತಿರುವ ಮಗುವಿಗೆ ಅಲ್ಲಿಯೂ ಮರ್ಯಾದೆ ಬೇರೆ.

ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 30 ದಿನ ಇದೆ. ಸಮಿತಿ ನಡೆಯುವ ರೀತಿಯ ಬಗ್ಗೆಯೇ ದೂರಿದ್ದರೆ ಜಿಲ್ಲಾಧಿಕಾರಿಗೆ ಕೊಡಬಹುದು.

ಲೈಂಗಿಕ ದೌರ್ಜನ್ಯವಾದರೆ ದಾರಿ ಬೇರೆ

ಇಲ್ಲಿ ಕಾದು ನೋಡುವ ಮಾತೇ ಇಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ತಾಯಿ, ಮೇಷ್ಟ್ರು, ಡಾಕ್ಟರು ಎಲ್ಲರಿಗೂ ಅನ್ವಯ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಇಷ್ಟಪಡುವ ಜಾಗದಲ್ಲಿ ತೆಗೆದುಕೊಳ್ಳಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ ಇರಬೇಕು, ಯೂನಿಫಾರ್ಮಿನಲ್ಲಿ ಇರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಉಳಿಸಿಕೊಳ್ಳುವ ಹಾಗಿಲ್ಲ.

ಆರೋಪಿ ಅದೇ ಮನೆಯವನಾದರೆ ಪೊಲೀಸರು 24 ಗಂಟೆಯೊಳಗೆ ಮಗುವನ್ನು ಸಮಿತಿ ಮುಂದೆ ತರಬೇಕು. ಮಗುವನ್ನು ಆ ಮನೆಯಿಂದ ತೆಗೆಯಬೇಕೋ ಬೇಡವೋ ಎಂದು ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಬೇಕು. 2020ರ ನಿಯಮಗಳಲ್ಲಿ ಇದು ಇದೆ. ಕೇಸು ಮುಗಿಯುವ ತನಕ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಿ ಎಂದು ಸಮಿತಿಯನ್ನು ಕೇಳಿ. ಕೇಳದಿದ್ದರೆ ಮರೆತೇಹೋಗುತ್ತದೆ.

ಮನೆ ಬಿಡಬೇಕಾದವರು ಯಾರು?

ಎಷ್ಟೋ ಮನೆಗಳಲ್ಲಿ ಅಮ್ಮನೂ ಏಟು ತಿನ್ನುತ್ತಿರುತ್ತಾಳೆ. ಅಲ್ಲಿ ಮಗುವನ್ನು ಹೊರಗೆ ತರುವ ಬದಲು ಹೊಡೆಯುವವನನ್ನೇ ಹೊರಗೆ ಹಾಕಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಗಂಡಸಿಗೆ ಮನೆ ಬಿಟ್ಟು ಹೋಗು ಎಂದು ಆದೇಶ ಮಾಡಬಹುದು, ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನು ತಾಯಿಗೆ ಕೊಡಬಹುದು. ಮನೆ ಅವನ ಹೆಸರಿನಲ್ಲಿದೆ ಎನ್ನುವ ಒಂದೇ ಕಾರಣಕ್ಕೆ ಇದು ನಿಲ್ಲುವುದಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಈ ಕಾಯ್ದೆಯ ಕೆಲಸ ನೋಡಿಕೊಳ್ಳುವ ಸಂರಕ್ಷಣಾಧಿಕಾರಿ ಯಾರೆಂದು ಹೇಳುತ್ತಾರೆ. ನನ್ನ ಕೇಳಿದರೆ, ತಾಯಿ ಗಟ್ಟಿಯಾಗಿ ನಿಲ್ಲುವುದಾದರೆ ಮೊದಲು ನೋಡಬೇಕಾದ ದಾರಿ ಇದೇ. ಶಾಲೆ, ಗೆಳೆಯರು, ಓಣಿ, ಯಾವುದನ್ನೂ ಮಗು ಕಳೆದುಕೊಳ್ಳುವುದಿಲ್ಲ.

ಸಹಿ ಹಾಕುವ ಹಕ್ಕು: ಕೋರ್ಟಿನ ಗಾರ್ಡಿಯನ್

ಮಗು ಅಜ್ಜಿ ಮನೆ ಸೇರಿತು ಅಂದುಕೊಳ್ಳೋಣ. ಆದರೂ ಬ್ಯಾಂಕ್ ಖಾತೆ, ಆಪರೇಷನ್, ಪಾಸ್‌ಪೋರ್ಟ್, ಜಮೀನಿನ ಪಾಲು ಬಂದಾಗ ಎಲ್ಲರೂ ಕೇಳುವುದು ಅಪ್ಪ ಅಮ್ಮನ ಸಹಿಯನ್ನೇ. ಇದನ್ನು ಬದಲಿಸಬೇಕಾದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ. ಬ್ರಿಟಿಷರ ಕಾಲದ ಕಾನೂನು, ಎಲ್ಲ ಧರ್ಮದವರಿಗೂ ನಡೆಯುತ್ತದೆ. ಮಗು ಸಾಮಾನ್ಯವಾಗಿ ವಾಸ ಇರುವ ಜಿಲ್ಲೆಯ ಕೌಟುಂಬಿಕ ನ್ಯಾಯಾಲಯದಲ್ಲಿ, ಅದು ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ ಹಾಕಬೇಕು. ಅರ್ಜಿ ಹಾಕುವವರು ಗಾರ್ಡಿಯನ್ ಆಗಬೇಕೆಂದಿರುವವರು, ನೆಂಟರು ಅಥವಾ ಸ್ನೇಹಿತರು. ಮಗು ತಾನೇ ಹಾಕಲು ಬರುವುದಿಲ್ಲ.

ಅಪ್ಪ ಬದುಕಿರುವಾಗ ಅವನು ಅಯೋಗ್ಯ ಎಂದು ತೋರಿಸುವುದೇ ಇಲ್ಲಿ ಕಷ್ಟದ ಕೆಲಸ. ಬರೀ 'ಕುಡುಕ' ಅಂದರೆ ಸಾಲದು. ಸಮಿತಿಯ ಆದೇಶ, ತನಿಖಾ ವರದಿ, ಆಸ್ಪತ್ರೆ ಚೀಟಿ ಎಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಅದಕ್ಕೇ ಸಮಿತಿ ಮೊದಲು, ಕೋರ್ಟು ಆಮೇಲೆ ಎಂದು ಒತ್ತಿ ಹೇಳುವುದು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನು ಜಡ್ಜ್ ಪರಿಗಣಿಸಬಹುದು. ಕೊನೆಗೆ ತೂಗುವುದು ಮಗುವಿನ ಹಿತ. ಕೇಸು ಮುಗಿಯುವ ತನಕ ಮಧ್ಯಂತರ ಸುಪರ್ದಿ ಕೊಡಿ ಎಂದು ಅರ್ಜಿಯ ಜೊತೆಗೇ ಕೇಳಿ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ವಕೀಲರು ಉಚಿತ. ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರದ ಕಚೇರಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಬೇರೆ ಇದ್ದ ಮಾತ್ರಕ್ಕೆ ಮಗುವಿನ ಪಾಲು ಹೋಗುವುದಿಲ್ಲ. ಹೆತ್ತವರಿಂದ ಜೀವನಾಂಶ ಕೇಳುವ ಹಕ್ಕೂ ಉಳಿಯುತ್ತದೆ. 'ನಿನ್ನನ್ನು ಆಸ್ತಿಯಿಂದ ಹೊರಗೆ ಹಾಕ್ತೀನಿ' ಎಂಬ ಬೆದರಿಕೆಗೆ ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ಪಿತ್ರಾರ್ಜಿತ ಆಸ್ತಿಯ ವಿಷಯದಲ್ಲಿ ಆ ಬೆದರಿಕೆ ಬರೀ ಬಾಯಿಮಾತು.

ಸಂಬಂಧ ಪೂರ್ತಿ ಕಡಿಯುವುದು

ಇದು ದತ್ತುವಿನಲ್ಲಿ ಮಾತ್ರ. ಹೊಡೆದರು ಎಂದ ಕೂಡಲೇ ಆ ದಾರಿ ತಾನಾಗಿ ತೆರೆಯುವುದಿಲ್ಲ. ಹೆತ್ತವರು ತಾವೇ ಸಮಿತಿ ಮುಂದೆ ಬಂದು ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳು ಇರುತ್ತದೆ. ಅದು ಕಳೆದ ಮೇಲೆಯೇ ಮುಂದಿನ ಮಾತು. ಬಾಲನ್ಯಾಯ ಕಾಯ್ದೆಯ ದತ್ತು ಆದೇಶವನ್ನು 2022ರ ಸೆಪ್ಟೆಂಬರ್ 1ರಿಂದ ಕೋರ್ಟಿನ ಬದಲು ಜಿಲ್ಲಾಧಿಕಾರಿ ಮಾಡುತ್ತಾರೆ. ಮಗುವಿನ ಇಷ್ಟವನ್ನೂ ಅದರ ವಯಸ್ಸಿಗೆ ತಕ್ಕಂತೆ ನೋಡಬೇಕು. ದತ್ತು ಹೋದ ಮಗು ಹೊಸ ಮನೆಯದ್ದೇ ಆಗುತ್ತದೆ. ಮುಂದಿನ ಪಾಲು ಆ ಮನೆಯಲ್ಲೇ. 14, 15ರ ಮಕ್ಕಳಿಗೆ ಸಾಮಾನ್ಯವಾಗಿ ಇಷ್ಟು ದೂರ ಹೋಗುವ ಅಗತ್ಯ ಬೀಳುವುದಿಲ್ಲ.

ಶಾಲೆ ನಿಲ್ಲಬಾರದು

ಟಿಸಿ ಕೊಡಿಸಲ್ಲ ಎಂದು ಅಪ್ಪ ಹಟ ಹಿಡಿದರೆ? ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಎಂಟನೇ ತರಗತಿಯವರೆಗೆ ಟಿಸಿ ತಡವಾಯಿತು ಎಂದು ಸೀಟು ನಿರಾಕರಿಸುವ ಹಾಗಿಲ್ಲ. ದೊಡ್ಡ ಮಕ್ಕಳಿಗೆ ಸಮಿತಿಯಿಂದಲೇ ಶಾಲೆಗೆ ಪತ್ರ ಬರೆಸಿ.

18 ತುಂಬಲು ಆರು ತಿಂಗಳಿದ್ದರೆ 'ಇನ್ನೇನು, ತಡ್ಕೋ' ಅನ್ನುವವರಿರುತ್ತಾರೆ. ತಡೆದುಕೊಳ್ಳಬೇಕಿಲ್ಲ. 17 ವರ್ಷ 11 ತಿಂಗಳಿನವರೂ ಕಾನೂನಿಗೆ ಮಕ್ಕಳೇ. ಸಂಸ್ಥೆಯಲ್ಲಿದ್ದು 18 ತುಂಬಿ ಹೊರಬಂದವರಿಗೆ ಸಾಮಾನ್ಯವಾಗಿ 21ರವರೆಗೆ ಅನುಪಾಲನೆಯ, ಅಂದರೆ ಹೊರಬಂದ ಮೇಲೆ ತಮ್ಮ ಕಾಲ ಮೇಲೆ ನಿಲ್ಲಲು ಕೊಡುವ ಸಹಾಯ ಕೇಳಬಹುದು. 18ರ ನಂತರ ಮನೆ ಬಿಟ್ಟವರ ಮೇಲೆ ಹೆತ್ತವರು 'ಕಾಣೆ' ದೂರು ಕೊಟ್ಟರೆ, ಠಾಣೆಗೆ ಹೋಗಿ 'ನಾನೇ ಇಷ್ಟಪಟ್ಟು ಹೊರಗೆ ಬಂದಿದ್ದೇನೆ' ಎಂದು ಬರೆದುಕೊಟ್ಟರೆ ಸಾಕು. ವಾಪಸ್ ಕಳಿಸಲು ಯಾರಿಗೂ ಅಧಿಕಾರ ಇಲ್ಲ.

ಇಷ್ಟು ಓದಿದ ನೀನು ಆ ಮಗುವೇ ಆಗಿದ್ದರೆ

ರಾತ್ರಿ ಬಸ್ಸು, ರೈಲು ಹತ್ತಬೇಡ ಮರಿ. ಊರು ಬಿಟ್ಟ ಮಕ್ಕಳಿಗೆ ಸ್ಟ್ಯಾಂಡಿನಲ್ಲಿ ಕಾಯುವವರು ಎಲ್ಲರೂ ಒಳ್ಳೆಯವರಲ್ಲ. ಆಗಲೇ ಹೊರಟು ನಿಲ್ದಾಣದಲ್ಲಿ ಇದ್ದರೆ ಅಲ್ಲಿಂದಲೇ 1098ಕ್ಕೆ ಮಾಡು, ಅಥವಾ ಯೂನಿಫಾರ್ಮಿನಲ್ಲಿರುವ ರೈಲ್ವೆ ಪೊಲೀಸರ ಹತ್ತಿರ ಹೋಗು.

ನಿನಗೆ ನಂಬಿಕೆ ಇರುವ ಒಬ್ಬ ದೊಡ್ಡವರಿಗೆ ಹೇಳು. ಅವರು 'ಅಪ್ಪ ಅಮ್ಮ ಅಲ್ವಾ, ಹೊಂದಿಕೊಂಡು ಹೋಗು' ಅಂದರೆ ಅಲ್ಲಿಗೆ ಬಿಡಬೇಡ. ಇನ್ನೊಬ್ಬರಿಗೆ ಹೇಳು. ಶಾಲೆಯ ಟೀಚರ್, ಅಂಗನವಾಡಿಯವರು, ಆಸ್ಪತ್ರೆಯ ನರ್ಸ್, ಯಾರೂ ಆಗಬಹುದು. ಹೇಳಲು ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡು. ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡಿನ ಫೋಟೋ ಸಾಧ್ಯವಾದರೆ ಇಟ್ಟುಕೋ. ಇಲ್ಲದಿದ್ದರೆ ಚಿಂತೆ ಬೇಡ, ಕಾಗದ ಇಲ್ಲ ಎಂದು ಸಮಿತಿಯವರು ವಾಪಸ್ ಕಳಿಸುವ ಹಾಗಿಲ್ಲ. ತಮ್ಮ ತಂಗಿಯೂ ಅದೇ ಮನೆಯಲ್ಲಿದ್ದರೆ ಮೊದಲ ಫೋನಿನಲ್ಲೇ ಹೇಳು, ಅವರನ್ನೂ ಸೇರಿಸಿಕೊಳ್ಳುತ್ತಾರೆ.

ಮನೆಯವರ ಮೊಬೈಲಿನಿಂದ ಮಾಡಿದರೆ ಕರೆ ಪಟ್ಟಿಯಿಂದ ನಂಬರ್ ಅಳಿಸು. ಅಂಗಡಿಯವರ ಫೋನ್ ಕೇಳಿದರೂ ನಡೆಯುತ್ತದೆ. 1098ಕ್ಕೆ ಕರೆನ್ಸಿ ಇರಬೇಕಿಲ್ಲ.